ರಾಷ್ಟ್ರಪತಿ ಜವರ

ಅಣ್ಣನ ಚಟ್ಟಕ್ಕೆ ಅಡ್ಡಬಿದಿರು ಬಿಗಿಯುತ್ತಿದ್ದ ಗುಂಡ, ವಕೀಲ ಪೂವಯ್ಯನವರು ಕೇರಿಯ ಓಣಿಗೆ ಇಳಿಯುತ್ತಿರುವುದನ್ನು ಕಂಡು, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಹಗ್ಗದ ತುದಿಯನ್ನು ಬಿಟ್ಟು ಎದ್ದು ನಿಂತ.

"ಬಂದ್ರು ಕಣ್ರೋ, ವಕೀಲ್ರು ಬಂದ್ರು!" ಎಂದು ಮನೆಯ ಕಡೆ ಕೂಗಿ, ಓಡಿಹೋಗಿ ಅವರ ಕೈಯಲ್ಲಿದ್ದ ಚರ್ಮದ ಚೀಲವನ್ನು ಇಸಿದುಕೊಂಡ. "ಬತ್ತೀರೋ ಇಲ್ವೋ ಅಂತಿದ್ರು ಎಲ್ರೂ. ನಾನು ಹೇಳ್ದೆ, ಬಂದೇ ಬತ್ತಾರೆ ಅಂತ. ನಮ್ಮಣ್ಣಂಗೆ ನಿಮ್ಮನ್ನ ಕಂಡ್ರೆ ಜೀವ ಅಲ್ವಾ ಬುದ್ಧಿ?"

ಬೆಳಗಿನ ಬಸ್ಸಿನ ಡ್ರೈವರ್ ಮಡಿಕೇರಿಯ ಕೋರ್ಟಿನ ಬಾಗಿಲಿಗೇ ಬಂದು, "ಕೊಡ್ಲಿಪೇಟೆ ಗಾಡಿ ಜವರ ಹೋಗ್ಬುಟ್ಟ ಅಂತ ಹೇಳೋಕೆ ಹೇಳವ್ರೆ" ಎಂದಾಗ, ಹೋಗದೆ ಇರಲು ಒಂದೆರಡು ನೆಪಗಳು ಪೂವಯ್ಯನವರ ಮನಸ್ಸಿಗೆ ತಾವಾಗಿಯೇ ಬಂದಿದ್ದವು. ಅವುಗಳ ಮೇಲೆ ನಾಚಿಕೆಯಾಗಿಯೇ ಅವರು ಮಧ್ಯಾಹ್ನದ ಬಸ್ಸು ಹತ್ತಿದ್ದರು.

ಜವರನನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆಗೆ ಹೊಸ ಪೇಟ ಸುತ್ತಿದ್ದರು. ಎಂದೂ ಬಾಯಿ ಮುಚ್ಚಿ ಕೂರದಿದ್ದ ಮನುಷ್ಯನ ಗದ್ದಕ್ಕೆ ಬಟ್ಟೆ ಕಟ್ಟಿದ್ದರಿಂದ, ಹಲ್ಲುನೋವು ಬಂದು ಮುನಿಸಿಕೊಂಡವನಂತೆ ಕಾಣುತ್ತಿದ್ದ. ಪಕ್ಕದಲ್ಲಿ ಹೆಂಡತಿ ಸುಬ್ಬಿ ಮೊಣಕಾಲು ತಬ್ಬಿ ಕುಳಿತಿದ್ದಳು. ಅವಳ ಅಳು ಬೆಳಿಗ್ಗೆಯೇ ಮುಗಿದಂತಿತ್ತು.

ಯಾರೋ ಸ್ಕೂಲಿನಿಂದ ಕುರ್ಚಿ ತಂದು ಹಾಕಿದರು. ಪೂವಯ್ಯನವರು ಬೇಡವೆಂದರು, ಬಿಡಲಿಲ್ಲ. ಊರೆಲ್ಲ ನೆಲದಲ್ಲಿ ಕೂತಿರುವಾಗ, ಹೆಣದ ಎದುರಿಗೆ ಅವರೊಬ್ಬರೇ ಕುರ್ಚಿಯ ಮೇಲೆ ಕೂರಬೇಕಾಯಿತು.

"ಜೈಲಿನ ಕತೆ ಹೇಳೋನು ನೋಡಿ ಬುದ್ಧಿ," ಎಂದು ಕೇರಿಯ ಹಿರಿಯ ಮಾರಿ ಅವರ ಕಡೆ ತಿರುಗಿ ಮಾತು ತೆಗೆದ. "ಅಲ್ಲಿ ಹೋದ ಮೊದಲ್ನೇ ದಿನ ಜೈಲರ್ರು ಕೇಳಿದ್ರಂತೆ, ನಿಂದು ಯಾವ ಪಾರ್ಟಿಯಯ್ಯಾ ಅಂತ. ಇವ್ನು, ನಂದು ಜೋಡೆತ್ತು ಸ್ವಾಮಿ ಅಂದ್ನಂತೆ. ಆ ಜೈಲರ್ರು ಗಾಬರಿ! ಕಾಂಗ್ರೆಸ್‌ನೋರ್ನೇ ತಂದು ಒಳಗೆ ಹಾಕವ್ರಲ್ಲ ಅಂತ. ಅಯ್ಯೋ, ವೋಟಿನ ಗುರುತಿನ ಜೋಡೆತ್ತಲ್ಲ ಸ್ವಾಮಿ, ನನ್ ಗಾಡಿ ಎತ್ತು ಅಂದ್ನಂತೆ."

ಸಾವಿನ ಮನೆಯಾದರೂ ನಾಲ್ಕು ಜನ ನಕ್ಕರು. ಗುಂಡನೂ ನಕ್ಕು, ಕಣ್ಣೊರೆಸಿಕೊಂಡ.

"ವೋಟಿನ ಪೆಟ್ಟಿಗೇನೂ ಹೊತ್ತೋನೆ ಅವ್ನು," ಎಂದಳು ಒಬ್ಬ ಮುದುಕಿ. "ಎರಡು ಸಲವೂ ಅವನ ಗಾಡೀಲೇ ಹೋಗಿದ್ದು. ಪೋಲೀಸ್ನೋರು ಮುಂದೆ ನಡೀತಿದ್ರೆ ಇವ್ನು ಹಿಂದಿನಿಂದ, ಸ್ವಾಮಿ ದಾರಿ ಬಿಡಿ, ಸರ್ಕಾರ ಬತ್ತಾದೆ ಅನ್ನೋನು. ನಮ್ಮ ಲಕ್ಕೀನ ಹೆರಿಗೆಗೆ ಕರ್ಕೊಂಡೋದ್ದೂ ಅದೇ ಗಾಡಿ. ಎತ್ತುಗೋಳ್ಗೆ ಮೆಲ್ಲಕೆ, ಮೆಲ್ಲಕೆ ಅಂತ ದಾರಿಯುದ್ದಕ್ಕೂ ಕೈ ಮುಗೀತಾ ಹೋದ ಪುಣ್ಯಾತ್ಮ."

"ರಾಷ್ಟ್ರಪತಿ ಜವರ ಅಂದ್ರೆ ಸಂತೇಲಿ ಯಾರು ಬೇಕಾದ್ರೂ ಮನೆ ತೋರ್ಸೋರು," ಎಂದ ಗುಂಡ, ಪೂವಯ್ಯನವರಿಗೆ ವಿವರಿಸುವಂತೆ. "ಆ ಹೆಸ್ರು ಹೆಂಗೆ ಬಂತು ಗೊತ್ತಾ ಬುದ್ಧಿ? ಯಾರಾದ್ರೂ ನಿನ್ ವಕೀಲ್ರು ಏನೂ ಮಾಡ್ಲಿಲ್ವಲ್ಲೋ ಅಂದ್ರೆ ನಮ್ಮಣ್ಣ ಜಗಳಕ್ಕೆ ನಿಲ್ಲೋನು. ರಾಷ್ಟ್ರಪತಿಗಳೇ ಡೆಲ್ಲೀಲಿ ಕೂತು ನನ್ ಕೇಸು ನಿಲ್ಸವ್ರೆ, ವಕೀಲ್ರು ಏನ್ ಮಾಡಾರು ಅನ್ನೋನು. ಅಷ್ಟು ದೊಡ್ಡೋರು ಅಡ್ಡ ಬರ್ಬೇಕಾದ್ರೆ ನನ್ ಕೇಸು ಎಷ್ಟು ಗಟ್ಟಿ ಇರ್ಬೇಕು ನೋಡ್ಕಳಿ ಅನ್ನೋನು."

ಪೂವಯ್ಯನವರಿಗೆ ಕುರ್ಚಿಯ ಹಿಡಿಯ ಮೇಲಿದ್ದ ತಮ್ಮ ಕೈಗಳನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ.

*

ಜವರನ ಕೇರಿಗೂ ಅದರ ಸ್ಮಶಾನಕ್ಕೂ ನಡುವೆ ಮೂಡುಬಾಣೆ ಎಸ್ಟೇಟು. ಬಿಳಿ ದೊರೆಗಳ ಕಾಲದಿಂದಲೂ ತೋಟದ ಮಧ್ಯೆ ಗಾಡಿದಾರಿಯೊಂದಿತ್ತು. ಹೆಣವೂ ಅದರಲ್ಲೇ ಹೋಗುತ್ತಿತ್ತು, ಗದ್ದೆಗೆ ಗೊಬ್ಬರವೂ ಅದರಲ್ಲೇ. ದೊರೆ ತೋಟ ಮಾರಿ ಹೋದ ಮೇಲೆ ಕೊಂಡ ಹೊಸ ಧಣಿ, ದಾರಿಗೆ ಅಡ್ಡವಾಗಿದ್ದ, ಸರಿಸಿ ದಾಟುವ ಹಳೆಯ ಬಿದಿರಿನ ಉಣುಗೋಲು ಕಿತ್ತು ಕಬ್ಬಿಣದ ಗೇಟು ಹಾಕಿ ಬೀಗ ಜಡಿದ. ಕೇರಿಯ ಪರವಾಗಿ ಪೂವಯ್ಯನವರು ದಾವೆ ಹೂಡಿದರು. ವಿಚಾರಣೆ ಮುಗಿಯುವವರೆಗೆ ದಾರಿ ತೆರೆದಿರಬೇಕೆಂದು ಮುನ್ಸೀಫರಿಂದ ಆಜ್ಞೆಯೂ ಸಿಕ್ಕಿತು. ಅಂದು ಕೋರ್ಟಿನ ಅಂಗಳದಲ್ಲಿ ಜವರ ಅವರ ಕಾಲಿಗೆ ಬೀಳಲು ಹೋಗಿ, ಅವರು ಹಿಂದೆ ಸರಿದದ್ದರಿಂದ ಮುಗ್ಗರಿಸಿ ನಕ್ಕಿದ್ದ. ಅವರೂ ನಕ್ಕಿದ್ದರು.

ಅದು ಅರವತ್ತೆರಡನೇ ಇಸವಿ. ಮಳೆಗಾಲ ಕಳೆದು ಧಣಿ ಮತ್ತೆ ಬೀಗ ಹಾಕಿದ. ಕೋರ್ಟಿನ ಆಜ್ಞೆಯ ಧೈರ್ಯದಲ್ಲಿ ಜವರ ಗೇಟಿನ ಸರಪಳಿ ಬಿಚ್ಚಿ ಗಾಡಿ ಹೊಡೆದ. ಅಷ್ಟರಲ್ಲಿ ಚೀನಾದವರು ಗಡಿ ದಾಟಿದ್ದರು. ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಸಾರಿದ್ದರು. ದೇಶರಕ್ಷಣೆಯ ಹೊಸ ಕಾನೂನಿನಡಿ ಹಿಡಿದವರು, ನಮ್ಮ ಸ್ವಾತಂತ್ರ್ಯ ಕೊಡಿಸಿ ಎಂದು ಸಂವಿಧಾನದ ಹಕ್ಕು ಹಿಡಿದು ಕೋರ್ಟಿಗೆ ಹೋಗುವಂತಿಲ್ಲವೆಂದು ಅದರ ಬೆನ್ನಿಗೇ ಇನ್ನೊಂದು ಆಜ್ಞೆ ಬಂದಿತ್ತು. ಧಣಿಗೆ ಅಷ್ಟು ಸಾಕಾಯಿತು. ಗಾಡಿ ಜವರ ಸಂತೆಯಲ್ಲಿ ಚೀನಾದ ಪರ ಮಾತಾಡುತ್ತಾನೆ, ಸೈನ್ಯಕ್ಕೆ ಹೋಗುವ ಅಕ್ಕಿಯ ಗಾಡಿಗಳನ್ನು ತಡೆಯಲು ಜನ ಕಟ್ಟುತ್ತಿದ್ದಾನೆ ಎಂದು ಮೇಲಿನವರ ಕಿವಿಗೆ ಬಿತ್ತು. ಗದ್ದೆಯಿಂದ ಮನೆಗೆ ಬರುತ್ತಿದ್ದವನನ್ನು ಕೈಯಲ್ಲಿ ಬಾರುಕೋಲು ಇದ್ದ ಹಾಗೆಯೇ ಜೀಪಿಗೆ ಹತ್ತಿಸಿದರು. ಬಯಲುಸೀಮೆಯ ಜೈಲಿಗೆ ಕಳಿಸಿದರು.

ಸುಬ್ಬಿ ಮಡಿಕೇರಿಗೆ ಬಂದಳು. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಇಲ್ಲದ ಕಾಲುಗಳನ್ನು ಒಂದರ ಮೇಲೊಂದಿಟ್ಟು ನಿಂತು ಕೇಳಿದಳು: "ಯಾವಾಗ ಬಿಡುಸ್ತೀರಿ ಬುದ್ಧಿ?"

ಪೂವಯ್ಯನವರು ಆ ವಾರವೆಲ್ಲ ಅದನ್ನೇ ಯೋಚಿಸಿದ್ದರು. ದಾರಿ ಅವರಿಗೆ ಕಂಡಿತ್ತು. ರಾಷ್ಟ್ರಪತಿಗಳ ಅಧಿಕಾರವಾದರೂ ಸಂವಿಧಾನ ಅಳೆದುಕೊಟ್ಟದ್ದು. ಹಕ್ಕಿನ ಹೆಸರಿನಲ್ಲಿ ಕೇಳಬೇಡ ಎಂದು ಅವರು ಹೇಳಿರಬಹುದು. ಸುಳ್ಳನ್ನು ಸುಳ್ಳೆಂದು ಕೋರ್ಟಿಗೆ ಹೇಳಬೇಡ ಎಂದು ಹೇಳಿಲ್ಲ. ಈ ಮನುಷ್ಯನನ್ನು ಹಿಡಿದದ್ದು ದೇಶಕ್ಕಾಗಿ ಅಲ್ಲ, ಗೇಟಿಗಾಗಿ, ಕಾನೂನಿನ ಹೆಸರಲ್ಲಿ ಹಗೆ ತೀರಿಸಿಕೊಂಡಿದ್ದಾರೆ ಎಂದು ಹೈಕೋರ್ಟಿನಲ್ಲಿ ವಾದಿಸಬಹುದಿತ್ತು. ಗೆಲ್ಲುತ್ತಿದ್ದರೋ ಇಲ್ಲವೋ, ವಾದಿಸಬಹುದಿತ್ತು.

ಆದರೆ ಹಿಂದಿನ ಸಂಜೆ ಕ್ಲಬ್ಬಿನಲ್ಲಿ ಧಣಿ ಅವರ ಹೆಗಲ ಮೇಲೆ ಕೈ ಹಾಕಿದ್ದ. "ಲಾಯರ್ರೇ, ಜಿಲ್ಲಾ ರಕ್ಷಣಾ ಕಮಿಟಿಗೆ ನಿಮ್ಮ ಹೆಸರು ಹೇಳಿದ್ದೀನಿ. ಈ ಕಾಲದಲ್ಲಿ ಯಾರ ಪರ ನಿಲ್ತೀವಿ ಅನ್ನೋದನ್ನ ಸರ್ಕಾರ ನೋಡ್ತಾ ಇರುತ್ತೆ," ಎಂದಿದ್ದ. ನಗುತ್ತಲೇ ಹೇಳಿದ್ದ. ಅದಕ್ಕೂ ಎರಡು ದಿನ ಮೊದಲು ಅವರಿಗೆ ಪರಿಚಯವಿದ್ದ ಯೂನಿಯನ್ನಿನ ಸೆಕ್ರೆಟರಿಯೊಬ್ಬರನ್ನು ಪೋಲೀಸರು ಮನೆಯಿಂದ ಎಬ್ಬಿಸಿಕೊಂಡು ಹೋಗಿದ್ದರು. ಪೂವಯ್ಯನವರಿಗೆ ಹೆಂಡತಿ ಇದ್ದಳು, ಓದುವ ಇಬ್ಬರು ಹೆಣ್ಣುಮಕ್ಕಳಿದ್ದರು.

ನನಗೆ ಭಯವಾಗುತ್ತಿದೆ ಸುಬ್ಬಿ, ಬೇರೆ ವಕೀಲರನ್ನು ನೋಡು ಎಂದು ಹೇಳಿದ್ದರೂ ಆಗುತ್ತಿತ್ತು. ಹಾಗೆ ಹೇಳಲಿಲ್ಲ.

"ರಾಷ್ಟ್ರಪತಿಗಳೇ ತಡೆ ಹಾಕಿದ್ದಾರೆ," ಎಂದರು. "ಯಾವ ವಕೀಲನ ಕೈಯಲ್ಲೂ ಆಗೋದಿಲ್ಲ. ಯುದ್ಧ ಮುಗಿಯೋವರೆಗೂ ಕಾಯಬೇಕು."

ಸುಬ್ಬಿ ಕೇಳಿದಳು: "ಅವ್ರಿಗೆ ನಮ್ಮೋನ ಹೆಸ್ರು ಗೊತ್ತಾ ಬುದ್ಧಿ?"

"ಎಲ್ಲರ ಹೆಸರೂ ಗೊತ್ತಿರಬೇಕು ಅಂತೇನಿಲ್ಲ."

"ಗೊತ್ತಿಲ್ದೆ ಹೋದ್ರೂ ತಡೆ ಹಾಕ್ಬೋದಾ?"

"ಹಾಕಬಹುದು," ಎಂದು ಪೂವಯ್ಯನವರು ಮುಂದಿದ್ದ ಇನ್ಯಾವುದೋ ಕಾಗದದ ಕಡೆ ಬಗ್ಗಿದರು. ಅವಳು ಕೈಮುಗಿದು ಮೆಟ್ಟಿಲಿಳಿದು ಹೋದಳು. ಕೇರಿಯವರು ಹೆದರಿ ದಾರಿಯ ದಾವೆಗೂ ಬರುವುದನ್ನು ಬಿಟ್ಟರು. ಪೂವಯ್ಯನವರೂ ಕರೆಯಲಿಲ್ಲ. ಅದು ತಾನಾಗಿಯೇ ವಜಾ ಆಯಿತು.

*

"ಹೊತ್ತು ಇಳೀತಾ ಅದೆ. ಯಾವ ದಾರೀಲಿ ಎತ್ತೋದು?" ಎಂದು ಗುಂಡ ಕೇಳಿದ.

"ಇನ್ಯಾವ ದಾರಿ? ಕೆರೆ ಏರಿ ಸುತ್ತಿ, ಗುಡ್ಡ ಹತ್ತಿ ಹೋಗೋದು," ಎಂದ ಮಾರಿ. "ಮೂರು ವರ್ಷದಿಂದ ಎಲ್ಲಾ ಹೆಣವೂ ಹಂಗೇ ತಾನೆ ಹೋಗ್ತಿರೋದು?"

ಸುಬ್ಬಿ ಆಗ ತಲೆಯೆತ್ತಿದಳು. "ಗುಡ್ಡ ಹತ್ತಿಸ್ಬ್ಯಾಡಿ. ಕಡೇ ದಿನಗಳಲ್ಲಿ ಮನೆ ಬಾಗ್ಲಿಂದ ಬಚ್ಚಲಿಗೆ ಹೋಗೋಕೂ ಉಸ್ರು ಸಾಲ್ತಿರ್ಲಿಲ್ಲ ಅವಂಗೆ. ತೋಟದ ದಾರೀಲೇ ಹೋಗ್ಲಿ."

"ಗೇಟು ತೆಗೀತಾರೇನೇ ನಿನ್ ಗಂಡಂಗೆ?"

"ತೆಗೀದಿದ್ರೆ ಗೇಟಿನ ಮುಂದೆ ಇಳ್ಸಿ. ಅಲ್ಲೇ ಕೂರ್ತೀನಿ ನಾನು."

ಎಲ್ಲರೂ ಪೂವಯ್ಯನವರನ್ನು ನೋಡಿದರು. ಅವರು ಕುರ್ಚಿಯಿಂದ ಎದ್ದರು. "ತೋಟದ ದಾರೀಲೇ ಹೋಗೋಣ," ಎಂದರು. "ನಾನು ಮುಂದೆ ಇರ್ತೀನಿ."

ಕೇರಿಯಲ್ಲಿ ಒಂದು ಗುಜುಗುಜು ಎದ್ದಿತು. ಹೆಂಗಸೊಬ್ಬಳು ಅವರಿಗೆ ಕೈಮುಗಿದಳು. ಆ ಕೈಮುಗಿತ ಅವರಿಗೆ ಬೇಡವಾಗಿತ್ತು.

ತಮಟೆ ಮುಂದೆ ನಡೆಯಿತು. ಚಟ್ಟದ ಹಿಂದೆ ಹೆಂಗಸರು, ಎಲ್ಲರಿಗಿಂತ ಹಿಂದೆ ಜವರನದೇ ಗಾಡಿ. ನರಿಗಳು ಕೆದಕದಂತೆ ಗುಂಡಿಯ ಮೇಲೆ ಹೇರಲು ಮುಳ್ಳು, ಕಲ್ಲು ಅದರಲ್ಲಿ ತುಂಬಿತ್ತು. ಗಾಡಿ ಹೊಡೆಯುತ್ತಿದ್ದವನು ನೆಂಟರ ಪೈಕಿಯ ನಿಂಗ. ಕಾಫಿ ಕುಯ್ಲು ಮುಗಿಯುತ್ತ ಬಂದಿತ್ತು. ಬೇಲಿಯಾಚೆ ಕಣದಲ್ಲಿ ಹರಡಿದ್ದ ಹಣ್ಣಿನ ಹುಳಿವಾಸನೆ ದಾರಿಯ ತುಂಬ ಇತ್ತು. ಪೂವಯ್ಯನವರ ಚೀಲ ಹಿಡಿದು ಗುಂಡ ಅವರ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ.

*

ಬಿಡುಗಡೆಯಾದ ಮೇಲೆ ಜವರ ಒಮ್ಮೆ ಮಡಿಕೇರಿಗೆ ಬಂದಿದ್ದ.

ಅದಕ್ಕೆ ಕೆಲವು ತಿಂಗಳ ಹಿಂದೆ ದೆಹಲಿಯ ಸುಪ್ರೀಂ ಕೋರ್ಟು ಇಂಥದೇ ಪ್ರಶ್ನೆಯ ಮೇಲೆ ತೀರ್ಪು ಕೊಟ್ಟಿತ್ತು. ರಾಷ್ಟ್ರಪತಿಗಳ ಆಜ್ಞೆ ತಾನು ಹೆಸರಿಸಿದ ಹಕ್ಕುಗಳನ್ನು ಮಾತ್ರ ತಡೆಯುತ್ತದೆ. ದ್ವೇಷದಿಂದ, ದುರುದ್ದೇಶದಿಂದ ಹಿಡಿದಿದ್ದಾರೆ ಎನ್ನುವವನ ಬಾಯಿ ಕಟ್ಟುವುದಿಲ್ಲ ಎಂದಿತ್ತು. ಪೂವಯ್ಯನವರು ಅದನ್ನು ಒಂದು ಸಲ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಜವರನನ್ನು ಹಿಡಿದ ವಾರವೇ ತಮಗೆ ಹೊಳೆದಿದ್ದ ಮಾತು, ಹೆಚ್ಚು ಕಡಿಮೆ ಅದೇ ಮಾತು. ಜವರ ಆಗಿನ್ನೂ ಜೈಲಿನಲ್ಲೇ ಇದ್ದ. ಈಗ ಅರ್ಜಿ ಹಾಕಿದರೆ, ಮೊದಲೇ ಏಕೆ ಹಾಕಲಿಲ್ಲ ಎಂದು ಸುಬ್ಬಿ ಕೇಳುತ್ತಾಳೆ ಎನ್ನಿಸಿತು. ನಾಳೆ ನೋಡೋಣ ಎಂದುಕೊಂಡರು. ಆ ನಾಳೆಗಳಲ್ಲಿ ಒಂದು ಚಳಿಗಾಲ ಕಳೆಯಿತು. ಜೈಲಿನ ನೆಲದ ತಂಡಿ ಜವರನ ಎದೆಗೆ ಇಳಿದದ್ದು ಆ ಚಳಿಗಾಲದಲ್ಲಿ ಎಂದು ಅವರಿಗೆ ಆಮೇಲೆ ತಿಳಿಯಿತು. ಕೊನೆಗೆ ಸರ್ಕಾರವೇ ಒಂದು ದಿನ ಕಾರಣ ಹೇಳದೆ ಬಿಟ್ಟಿತು; ಹಿಡಿದಾಗಲೂ ಹೇಳಿರಲಿಲ್ಲ.

ಅವನು ತುಡುವೆ ಜೇನು ತಂದಿದ್ದ. ಆಫೀಸಿನ ಹೊಸ್ತಿಲಿನ ಹೊರಗೆ ಕುಳಿತು ಬಹಳ ಹೊತ್ತು ಕೆಮ್ಮಿದ. ತೋಳು ಕಡ್ಡಿಯಾಗಿತ್ತು. ಮಾತು ಮಾತ್ರ ಹಾಗೆಯೇ ಇತ್ತು.

"ನಿಮಗೆ ಬೋ ತೊಂದ್ರೆ ಆಯ್ತು ನನ್ನಿಂದ. ಸುಬ್ಬಿ ಹೇಳಿದ್ಲು. ಅಷ್ಟು ದೊಡ್ಡೋರ ಎದುರು ನೀವಾದ್ರೂ ಏನ್ ಮಾಡೀರಿ?"

ಈಗ ಹೇಳಿಬಿಡಬೇಕು ಎಂದು ಪೂವಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಮಾತು ಕೇಳ್ಬೇಕು ಬುದ್ಧಿ," ಎಂದ ಜವರ. "ಆ ನಿಲ್ಸಿದ್ದ ಹಕ್ಕು, ಅದು ಈಗ ವಾಪಸ್ ಬಂತಾ?"

"ತುರ್ತುಪರಿಸ್ಥಿತಿ ಇನ್ನೂ ತೆಗೆದಿಲ್ಲ," ಎಂದರು ಪೂವಯ್ಯನವರು. ಅದು ಸುಳ್ಳಲ್ಲ.

"ಹಂಗಾರೆ ಇನ್ನೂ ಇಲ್ಲ." ಜವರ ತಲೆಯಾಡಿಸಿದ. "ಬರ್ಲಿ ಬುಡಿ, ನಿಧಾನಕ್ಕೆ ಬರ್ಲಿ. ಬಂದಾಗ ಒಂದು ಮಾತು ಹೇಳಿ ಕಳ್ಸಿ. ಗೇಟಿನ ಕೇಸು ಮತ್ತೆ ಎತ್ತೋಣ."

*

ಗೇಟಿನ ಒಳಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೊಳ್ಳಪ್ಪ ನಿಂತಿದ್ದ. ತಮಟೆಯ ಸದ್ದು ಕೇಳಿ ಕಣದಿಂದ ಓಡಿಬಂದಿದ್ದ ಅವನ ಹಣೆ ಬೆವೆತಿತ್ತು. ಅವನೂ ಪೂವಯ್ಯನವರ ಜನದವನೇ, ಇಬ್ಬರ ಮನೆಮಾತೂ ಒಂದೇ. ಮೆಲ್ಲಗೆ, ತನ್ನ ಕೈಯಲ್ಲಿ ಏನೂ ಇಲ್ಲವೆಂಬಂತೆ ಅಂಗೈ ತೋರಿಸಿ, ಆ ಮಾತಿನಲ್ಲೇ ಹೇಳಿದ:

"ನನ್ನ ಕೈಲಿ ಎಂಥ ಉಟ್ಟು ಪೂವಯ್ಯಣ್ಣ? ಧಣಿ ಊರಲ್ಲಿ ಇಲ್ಲೆ."

ಆಮೇಲೆ ಗುಂಪಿಗೆ ಕೇಳಿಸುವಂತೆ ದನಿ ಏರಿಸಿದ. "ಸುತ್ತಿಕೊಂಡು ಹೋಗಿ! ಎಮರ್ಜೆನ್ಸಿ ಇನ್ನೂ ಇದೆ. ಹಿಂದೆ ಆದದ್ದು ಮರೆತು ಹೋಯ್ತಾ? ಧಣಿಗಳು ಒಂದು ಫೋನು ಮಾಡಿದ್ರೆ ಮತ್ತೆ ಜೀಪು ಬರ್ತದೆ."

ತಮಟೆ ನಿಂತಿತು. ಚಟ್ಟ ಹೊತ್ತವರು ಹೆಗಲು ಬದಲಿಸಿದರು.

"ಬ್ಯಾಡ ಕಣ್ರಪ್ಪಾ," ಎಂದ ಮಾರಿ. "ರೈಟರ್ರು ಹೇಳೋದು ದಿಟ. ರಾಷ್ಟ್ರಪತಿಗಳ ತಡೆ ಇನ್ನೂ ತೆಗೆದಿಲ್ವಂತೆ, ಜವರನೇ ಹೇಳ್ತಿದ್ದ. ವಕೀಲ್ರನ್ನೇ ಕೇಳಿ." ಅವನು ಪೂವಯ್ಯನವರ ಕಡೆ ತಿರುಗಿದ. ಮುದುಕನ ಮುಖದಲ್ಲಿ ಯಾವ ಕುಹಕವೂ ಇರಲಿಲ್ಲ. "ನೀವು ಅಂದು ಸುಬ್ಬಿಗೆ ಹೇಳಿದ್ರಲ್ಲ ಬುದ್ಧಿ. ಇವತ್ತು ಈ ಗೇಟು ತೆಗ್ಸಿದ್ರೆ ರಾಷ್ಟ್ರಪತಿಗಳು ಬ್ಯಾಡ ಅಂತಾರಾ?"

"ಇಲ್ಲ," ಎಂದರು ಪೂವಯ್ಯನವರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಗೇಟು ತೆಗೆಸಲು ಅಷ್ಟು ಸಾಕಾಗಿತ್ತು. ಊರಿನ ಕಣ್ಣಿನಲ್ಲಿ ಇಂದು ಎರಡು ಪಟ್ಟು ದೊಡ್ಡವರಾಗಿ ಮನೆಗೆ ಹೋಗಬಹುದಿತ್ತು. ಸುಬ್ಬಿ ಚಟ್ಟದ ಕಾಲು ಹಿಡಿದು ಅವರನ್ನೇ ನೋಡುತ್ತಿದ್ದಳು.

"ಅವತ್ತೂ ಅಂದಿರಲಿಲ್ಲ," ಎಂದರು.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಗುಂಡ ಬಾಯಿ ತೆರೆದು ಅವರ ಮುಖ ನೋಡಿದ. "ಏನಂದ್ರಿ?"

"ಕೋರ್ಟಿಗೆ ಹೋಗಬಹುದಿತ್ತು ಗುಂಡ. ದಾರಿ ಇತ್ತು. ನಾನು ಹೋಗಲಿಲ್ಲ."

ಗುಂಡ ಇನ್ನೂ ಕಾಯುತ್ತಿದ್ದ, ಅದರ ಮುಂದೆ ಏನಾದರೂ ಇರಬೇಕೆಂಬಂತೆ. ಇರಲಿಲ್ಲ. ಅವನು ಕೈಯಲ್ಲಿದ್ದ ಚೀಲವನ್ನೊಮ್ಮೆ ನೋಡಿ, ಬೇಲಿಯ ಕಲ್ಲಿನ ಮೇಲೆ, ಮಣ್ಣಾಗದ ಹಾಗೆ ಮೆಲ್ಲಗೆ ಇಟ್ಟು, ಹೋಗಿ ಅಣ್ಣನ ಚಟ್ಟಕ್ಕೆ ಹೆಗಲು ಕೊಟ್ಟ.

ಪೂವಯ್ಯನವರು ಗೇಟಿನ ಸರಳು ಹಿಡಿದರು. "ಬೊಳ್ಳಪ್ಪ, ಬೀಗದ ಕೈ ಕೊಡು. ಧಣಿ ಕೇಳಿದ್ರೆ ವಕೀಲ ಪೂವಯ್ಯ ಕಸಿದುಕೊಂಡ ಅಂತ ಹೇಳು. ಜೀಪು ಬರೋದಾದ್ರೆ ನನ್ನ ಮನೆಗೆ ಬರಲಿ."

ಬೊಳ್ಳಪ್ಪ ಒಂದು ಗಳಿಗೆ ಹಿಂದುಮುಂದು ನೋಡಿ, ಸೊಂಟದಿಂದ ಬೀಗದ ಕೈ ಬಿಚ್ಚಿ ಸರಳುಗಳ ನಡುವೆ ಚಾಚಿದ. ಪೂವಯ್ಯನವರು ಅದನ್ನು ಬೀಗಕ್ಕೆ ಹಾಕಿ ತಿರುಗಿಸಿದರು. ಬೀಗಕ್ಕೆ ತುಕ್ಕು ಹಿಡಿದಿತ್ತು. ತೆರೆಯುವಷ್ಟರಲ್ಲಿ ಹಿಂದೆ ನಿಂತವರ ಉಸಿರು ಕೂಡ ಅವರಿಗೆ ಕೇಳಿಸುತ್ತಿತ್ತು. ಯಾರಾದರೂ ಬೈದಿದ್ದರೆ ಒಳ್ಳೆಯದಿತ್ತು.

"ನಡೀರಿ, ಹೊತ್ತಾಯ್ತದೆ," ಎಂದಳು ಸುಬ್ಬಿ.

ಅದನ್ನು ಅವಳು ಹೊರುವವರಿಗೆ ಹೇಳಿದ್ದಳು. ಆದರೆ ಗೇಟು ದಾಟುವಾಗ ಅವರ ಮುಂದೆ ಕ್ಷಣಕಾಲ ನಿಂತಳು. ಏನೋ ಕೇಳುವವಳಂತೆ ತುಟಿ ಅಲುಗಿತು. "ಕಡೇತಂಕ ನಿಮ್ಮನ್ನ ಬಿಟ್ಟುಕೊಡ್ಲಿಲ್ಲ ಅವ್ನು," ಎಂದಷ್ಟೇ ಹೇಳಿ ಮುಂದೆ ಹೋದಳು.

ಗುಂಡಿಯ ಹತ್ತಿರ ಅವರನ್ನು ಯಾರೂ ಬರಬೇಡವೆನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಎಲ್ಲರೂ ಮಣ್ಣು ಹಾಕಿದ ಮೇಲೆ ಅವರೂ ಮೂರು ಹಿಡಿ ಹಾಕಿದರು. ಮಣ್ಣು ಒಣಗಿ ಹೆಂಟೆಯಾಗಿತ್ತು, ಬೀಳುವಾಗ ಸದ್ದಾಯಿತು. ಮುಳ್ಳು, ಕಲ್ಲು ಹೇರಿ ಮುಗಿದಾಗ ಬಿಸಿಲು ಮರಗಳ ತುದಿಗೆ ಹತ್ತಿತ್ತು. ಎಲ್ಲರೂ ತೋಡಿನ ನೀರಿನಲ್ಲಿ ಕೈಕಾಲು ತೊಳೆಯಲು ಇಳಿದರು. ಪೂವಯ್ಯನವರು ಅವರಿಗಿಂತ ಮೊದಲೇ ಹಿಂದಿರುಗಿ ಗೇಟಿನ ಬಳಿಗೆ ಬಂದರು.

ಗೇಟು ಅರ್ಧ ಮುಚ್ಚಿಕೊಂಡಿತ್ತು. ಹಾಕಿದ ದಿನದಿಂದಲೂ ಇಳಿಜಾರಿನ ಕಡೆಗೆ ವಾಲಿದ್ದ ಅದು, ಕೈಬಿಟ್ಟರೆ ತಾನಾಗಿಯೇ ಬಂದು ಮುಚ್ಚುತ್ತಿತ್ತು. ಅವರು ಅದನ್ನು ಪೂರ್ತಿ ತಳ್ಳಿ, ಬೆನ್ನು ಕೊಟ್ಟು ಹಿಡಿದು ನಿಂತರು. ಕೇರಿಯವರು ಒಬ್ಬೊಬ್ಬರಾಗಿ ಬಂದರು. ಒದ್ದೆ ಕಾಲುಗಳ ಗುರುತು ದೂಳಿನಲ್ಲಿ ಮೂಡಿಸುತ್ತ, ಮಾತಾಡದೆ, ಅವರ ಪಕ್ಕದಲ್ಲೇ ದಾಟಿ ಹೋದರು. ಮಾರಿ ಹೋದ. ಗುಂಡ ಹೋದ. ಹೆಂಗಸರ ನಡುವೆ ಸುಬ್ಬಿಯೂ ಹೋದಳು.

ಕೊನೆಗೆ ಖಾಲಿ ಗಾಡಿ ಬಂತು. ಗೇಟಿನ ಹತ್ತಿರ ಬರುತ್ತಲೇ ಎರಡು ಎತ್ತುಗಳೂ ನಿಂತವು.

"ಹೋಯ್, ನಡೀರೋ," ಎಂದು ನಿಂಗ ಹಗ್ಗ ಜಗ್ಗಿದ. ಬಾಲ ಮುಟ್ಟಿದ. ಎತ್ತುಗಳು ಕದಲಲಿಲ್ಲ. ಉಣುಗೋಲು ಇದ್ದ ಕಾಲದಲ್ಲಿ ಅದನ್ನು ಸರಿಸಲು ಜವರ ಇಲ್ಲಿ ಗಾಡಿಯಿಂದ ಕೆಳಗಿಳಿಯುತ್ತಿದ್ದ. ಎದುರಿಗೆ ದಾರಿ ತೆರವಾಗಿತ್ತು. ಪೂವಯ್ಯನವರು ಬೆನ್ನಿನಿಂದ ಗೇಟನ್ನು ಇನ್ನಷ್ಟು ಒತ್ತಿದರು. ಎತ್ತುಗಳು ಅವರನ್ನು ನೋಡಲಿಲ್ಲ. ನೊಗದಡಿಯಲ್ಲಿ ಕತ್ತು ತಿರುಗಿಸಿ, ಗಾಡಿಯಿಂದ ಯಾರೋ ಇಳಿಯುವುದನ್ನು ಕಾಯುತ್ತ ನಿಂತೇ ಇದ್ದವು.